ಮಗಳ ಎಂಬಿಎಗೆ ಎಮ್ಮೆ ಮಾರಿದ್ದು

ಇವತ್ತು ನಾನು ಮಾಡಿದ ಕೆಲಸಗಳು ಇಷ್ಟು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹೊಡೆದೆ. ಕಸ್ತೂರಿಯ ಹಾಲು ಹಿಂಡಿದೆ. ನಳ ಬಂತು, ಕೊಡ ತುಂಬಿದೆ. ರೊಟ್ಟಿ ಬಡಿದೆ. ಶೇಂಗಾ ಹುರಿದು ಚಟ್ನಿ ಕುಟ್ಟಿದೆ. ಅರಿವೆ ಒಗೆದು ಹರವಿದೆ. ಮಧ್ಯಾಹ್ನ ಒಂದು ಎಮ್ಮೆ ಮಾರಿದೆ. ಹೊತ್ತು ಮುಳುಗುವುದರೊಳಗೆ ಅದೇ ಎಮ್ಮೆಯನ್ನು ವಾಪಸ್ ತಂದೆ. ನಡುವೆ ಸಿಕ್ಕ ಬಿಡುವಿನಲ್ಲಿ ಮಗಳನ್ನು ಎಂಬಿಎಯ ಒಂದು ವಿಷಯದಲ್ಲಿ ಪಾಸು ಮಾಡಿಸಿದೆ.

ಎಮ್ಮೆಯ ಎರಡು ಕೆಲಸ ಬೆಳಿಗ್ಗೆ ನನ್ನ ತಲೆಯಲ್ಲಿ ಇರಲೇ ಇಲ್ಲ!

ನಮ್ಮ ಅಕ್ಷತಾ ಇಂಗ್ಲೆಂಡಿನಲ್ಲಿ ಎಂಬಿಎ ಓದುತ್ತಿದ್ದಾಳೆ. ದೇವರ ಹಿಪ್ಪರಗಿಯಿಂದ ಇಂಗ್ಲೆಂಡಿಗೆ ಹೋದ ಹುಡುಗಿ ಎಂದು ಸಿಂದಗಿ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಅವರು ಕೇಳದಿದ್ದರೂ ಹೇಳಿದ್ದೇನೆ. ಮನೆಯಲ್ಲಿದ್ದಾಗ ಈಕೆ ಒಂದು ಮಾತಿಗೆ ಹತ್ತು ಮಾತು ತಿರುಗಿಸಿ ಕೊಡುತ್ತಿದ್ದವಳು. ಅಂಥವಳು ಅಲ್ಲಿನ ಕ್ಲಾಸಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ ಎಂದು ನನಗೆ ಗೊತ್ತಾಗಿದ್ದು ಮೊನ್ನೆ, ಆಕೆ ಫೋನು ಮಾಡಿದಾಗ.

"ಅವ್ವಾ, ಎಲ್ಲಾರೂ ಬ್ಯಾಂಕು, ವಿಮಾನ ಕಂಪನಿ ಅಂತ ಮಾತಾಡ್ತಾರ. ನಾ ಬಾಯಿ ತಗದ್ರ 'ಸಾರಿ?' ಅಂತಾರ. ಮತ್ತೊಮ್ಮೆ ಹೇಳಿದ್ರ ಮತ್ತ 'ಸಾರಿ?' ಅಂತಾರ. ಆಮ್ಯಾಲ ನಾನ ಸಾರಿ ಅಂದು ಕೂತ್ಕೋತೇನಿ."

"ಕೂತ್ಕೊಂಡ್ರ ಏನಾತು? ಬರದು ತೋರಸು."

"ಇದರಾಗ ಮಾತಿಗೇ ಮಾರ್ಕ್ಸ್ ಅವ್ವಾ! ಚೌಕಾಸಿ ಮಾಡೂದನ್ನ ಕಲಸೂ ವಿಷಯ. ನಾ ಹಿಂಗ ಸುಮ್ಮನಿದ್ರ ಫೇಲು. ಫೇಲಾದ್ರ ಮತ್ತ ಫೀ ಕಟ್ಟಿ ಮೊದಲಿಂದ ಓದಬೇಕು."

ಉಳಿದದ್ದು ಒಂದೇ ಅವಕಾಶವಂತೆ. ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಚೌಕಾಸಿ ಹೇಗೆ ಮಾಡುತ್ತಾರೆ ಎಂದು ಕ್ಲಾಸಿಗೆ ತೋರಿಸಬೇಕು. ಮಂದಿ ಕೇಳಿದ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳಬೇಕು.

"ಅಷ್ಟಽ ಹೌದಿಲ್ಲೋ?" ಎಂದೆ ನಾನು. "ದನದ ಸಂತ್ಯಾಗ ನಿಮ್ಮಪ್ಪ ಟವೆಲ್ಲಿನೊಳಗ ಕೈ ಹಾಕಿ ವ್ಯಾಪಾರ ಮಾಡ್ತಾನಲ್ಲ, ಅದನ್ನ ಫೋನಿನ್ಯಾಗ ತೋರಸೂಣು. ಎಲ್ಲಾ ನನಗ ಬಿಡು!"

ಈ 'ನನಗ ಬಿಡು' ಎಂಬ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ನಮ್ಮ ಮನೆಯವರು ಗಾಬರಿಯಾಗುತ್ತಾರೆ. ಕಾರಣ ನನಗೆ ಇವತ್ತಿನವರೆಗೂ ತಿಳಿದಿರಲಿಲ್ಲ.

ಟವೆಲ್ಲಿನ ವ್ಯಾಪಾರ ನೋಡದವರಿಗೆ ಎರಡು ಮಾತು. ಮಾರುವವನೂ ಕೊಳ್ಳುವವನೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸುತ್ತಾರೆ. ಬೆರಳು ಹಿಡಿದು ದರ ಹೇಳುತ್ತಾರೆ. ಹೆಚ್ಚು ಬೆರಳು ಹಿಡಿದಷ್ಟು ಹೆಚ್ಚು ರೊಕ್ಕ. ಪಕ್ಕದಲ್ಲಿ ನಿಂತವನಿಗೂ ದರ ತಿಳಿಯುವುದಿಲ್ಲ. ಒಪ್ಪಿಗೆಯಾದರೆ ಟವೆಲ್ಲು ಕೊಡವಿ ದನದ ಹಗ್ಗ ಕೈಗೆ ಕೊಡುತ್ತಾರೆ. ಮಾತು ಮುಗಿಯದೆ ಯಾರು ಮೊದಲು ಕೈ ಹೊರಗೆ ತೆಗೆಯುತ್ತಾರೋ ಅವರು ಸೋತಂತೆ, ಹಗ್ಗ ಎದುರಿನವರದು.

ಕೊಳ್ಳುವವನಾಗಿ ಲಾಲೇಸಾಬಣ್ಣನನ್ನು ಕರೆಸಿದೆ. ನಮ್ಮವರ ಹಳೇ ಗೆಳೆಯ, ದನದ ದಲ್ಲಾಳಿ, ನನ್ನನ್ನು ಅತ್ತಿಗೆಯಾಗಿ 'ವೈನಿ' ಎಂದು ಕರೆಯುವವನು. ಮಾರುವ ಸರಕಾಗಿ ನಮ್ಮ ಎಮ್ಮೆ ಕಸ್ತೂರಿಯನ್ನು ಮೈತೊಳೆದು, ಹಣೆಗೆ ಕುಂಕುಮವಿಟ್ಟು ನಿಲ್ಲಿಸಿದೆ. ಲಾಲೇಸಾಬಣ್ಣ ಎಮ್ಮೆ ನೋಡಿದ, ನನ್ನನ್ನು ನೋಡಿದ.

"ವೈನಿ, ಒಂದು ಮಾತು. ಸುಳ್ಳು ವ್ಯಾಪಾರ ಮಾಡಾಕ ನನಗ ಬರೂದಿಲ್ಲ. ಟವೆಲ್ಲಿನೊಳಗ ಕೈ ಹೋತಂದ್ರ ಅದು ಖರೇ ವ್ಯಾಪಾರನ."

"ಖರೇನ ಮಾಡ್ರಿ! ಯಾರು ಬ್ಯಾಡಂದಾರು?" ಎಂದೆ.

ನಮ್ಮವರು ಕೆಮ್ಮಿದರು. ನಾನು ಲಕ್ಷ್ಯ ಕೊಡಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು: ಕಸ್ತೂರಿಗೆ ಇವರು ಹೇಳುವ ದರಕ್ಕೆ ಭೂಮಿಯ ಮೇಲೆ ಯಾವ ಮನುಷ್ಯನೂ ಒಪ್ಪುವುದಿಲ್ಲ. ಇವರು ಒಂದು ಬೆರಳೂ ಇಳಿಯುವವರಲ್ಲ. ತಂಗಡಗಿಯ ನನ್ನ ತಮ್ಮನೇ ಕೇಳಿ ಕೇಳಿ ಸಾಕಾಗಿ ಬೇರೆ ಎಮ್ಮೆ ಕೊಂಡಿದ್ದಾನೆ.

ನಮಗೆ ಮಧ್ಯಾಹ್ನವಾದಾಗ ಅಲ್ಲಿ ಬೆಳಗಿನ ಕ್ಲಾಸು. ಸದರಿ ಕಾರ್ಯಕ್ರಮದ ಉದ್ಘಾಟನೆಗಾಗಿ ಫೋನನ್ನು ಗ್ವಾದಲಿಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟೆ. ದನಕ್ಕೆ ಮೇವು ಹಾಕುವ ಜಾಗದಲ್ಲಿ ಏನಿಟ್ಟರೂ ಅದು ಮೇವೇ ಎಂದು ಕಸ್ತೂರಿ ತಿಳಿಯುತ್ತಾಳೆ ಎಂಬುದು ನನಗೆ ಹೊಳೆಯಲಿಲ್ಲ. ಇಂಗ್ಲೆಂಡಿನ ಕ್ಲಾಸಿನವರು ನಮ್ಮ ನಾಡಿನದು ಎಂದು ಮೊಟ್ಟಮೊದಲು ನೋಡಿದ್ದು ಎರಡು ಮೂಗಿನ ಹೊಳ್ಳೆ. ಆಮೇಲೆ ನಾಲಿಗೆ.

"ಅವ್ವಾ! ಫೋನು ತಗೀ!" ಅಕ್ಷತಾ ಕೂಗಿದಳು.

ಜೊಲ್ಲು ಒರೆಸಿ ಫೋನನ್ನು ಬಾಜೂ ಮನೆಯ ಶಾಂತಕ್ಕನ ಕೈಗೆ ಕೊಟ್ಟೆ. ಆಕೆ ಬೆಳಗಿನಿಂದ ಗೋಡೆಯ ಮೇಲೆ ಗದ್ದ ಊರಿ ನಿಂತೇ ಇದ್ದಳು. "ನನ್ನನ್ನಽ ಮೊದಲ ಕರದಿದ್ರ ನಿಮ್ಮ ಎಮ್ಮಿ ಫೋನು ನೆಕ್ಕತಿರಲಿಲ್ಲ" ಎಂದಳು.

ವ್ಯಾಪಾರ ಶುರುವಾಯಿತು. ದಪ್ಪ ಟವೆಲ್ಲು. ಕೆಳಗೆ ಎರಡು ಕೈ. ಮೇಲೆ ಎರಡು ಗಂಭೀರ ಮುಖ. ಟವೆಲ್ಲು ಆಚೆ ಸರಿಯಿತು, ಈಚೆ ಸರಿಯಿತು. ಮತ್ತೆ ಆಚೆ. ಸ್ವಲ್ಪ ಹೊತ್ತಿಗೆ ಮಗಳ ಪಿಸುದನಿ ಬಂತು.

"ಅವ್ವಾ, ಏನೂ ಕಾಣವಲ್ದು. ಸರ್ ಗಡಿಯಾರ ನೋಡಾಕತ್ತಾರ."

ಅಯ್ಯೋ! ಯಾರಿಗೂ ಕಾಣಬಾರದು ಎಂದೇ ಮಾಡುವ ವ್ಯಾಪಾರವನ್ನು ಎಲ್ಲರಿಗೂ ತೋರಿಸಲು ಹೊರಟಿದ್ದೆ ನಾನು! ಇಷ್ಟು ದಿನ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ತಲೆಯ ಗುಣವೇ ಹಾಗೆ, ಎಲ್ಲ ಮುಗಿದ ಮೇಲೆ ಹೊಳೆಯುತ್ತದೆ.

"ಟವೆಲ್ಲು ತಗೀರಿ ಇಬ್ಬರೂ" ಎಂದೆ.

"ಛೀ, ಛೀ!" ಎಂದರು ನಮ್ಮವರು. ಲಾಲೇಸಾಬಣ್ಣನಂತೂ ನಡುಬೀದಿಯಲ್ಲಿ ಜಳಕ ಮಾಡು ಎಂದವಳನ್ನು ನೋಡುವಂತೆ ನನ್ನನ್ನು ನೋಡಿದ. "ಬರೀ ಕೈಲೆ ವ್ಯಾಪಾರ ಏನ್ರಿ ವೈನಿ? ನಾಳೆ ಸಂತ್ಯಾಗ ನನಗ ಯಾರು ಮರ್ಯಾದಿ ಕೊಡ್ತಾರ?"

ಮಗಳ ಮಾರ್ಕ್ಸು ಒಂದು ಕಡೆ, ಇವರಿಬ್ಬರ ಮರ್ಯಾದೆ ಇನ್ನೊಂದು ಕಡೆ. ಓಡಿಹೋಗಿ ಅಕ್ಷತಾಳ ಹಳೇ ಚೂಡಿದಾರದ ವೇಲು ತಂದೆ. ಗುಲಾಬಿ ಬಣ್ಣ, ಸೊಳ್ಳೆಪರದೆಯಂಥ ತೆಳು ಬಟ್ಟೆ. ಇದ್ದರೂ ಇಲ್ಲದಂತೆ. "ಮುಚ್ಚಿದಂಗೂ ಆತು, ಕಂಡಂಗೂ ಆತು. ಮಾಡ್ರಿ ಇನ್ನ!" ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಇಲ್ಲಿಂದ ಮುಂದಿನ ಅನಾಹುತಕ್ಕೆ ಸಂಪೂರ್ಣವಾಗಿ ಈ ಬರಹಗಾರ್ತಿಯೇ ಹೊಣೆ.

ಲಾಲೇಸಾಬಣ್ಣ ಮೊದಲು ಹಿಡಿದ ಬೆರಳು ಎಷ್ಟೆಂದು ಎಲ್ಲರಿಗೂ ಕಂಡಿತು. ಶಾಂತಕ್ಕನಿಗೂ ಕಂಡಿತು. "ಇಷ್ಟಽನ? ಇಂಥಾ ಎಮ್ಮಿಗೆ?" ಎಂದು ಆಕೆ ಫೋನಿನ ಹಿಂದಿನಿಂದಲೇ ಕೂಗಿದಳು. ಲಾಲೇಸಾಬಣ್ಣನ ಕಿವಿ ಕೆಂಪಾಯಿತು. ಜೀವಮಾನವೆಲ್ಲ ಟವೆಲ್ಲಿನ ಕೆಳಗೆ ಜುಗ್ಗತನ ಮಾಡಿದ ಮನುಷ್ಯ. ಇವತ್ತು ಬೀದಿಯೂ ಇಂಗ್ಲೆಂಡೂ ಕೂಡಿಯೇ ನೋಡುತ್ತಿವೆ! ಇನ್ನೊಂದು ಬೆರಳು ಹಿಡಿದ. ಶಾಂತಕ್ಕ ಲೊಚಗುಟ್ಟಿದಳು. ಮತ್ತೊಂದು ಹಿಡಿದ. ಆಕೆ ನಕ್ಕಳು. ಸಿಟ್ಟಿನಿಂದ ಇಡೀ ಕೈಯನ್ನೇ ಹಿಡಿದ, ಬಿಟ್ಟ, ಮತ್ತೆ ಹಿಡಿದ!

ನಮ್ಮವರು ಕಣ್ಣು ಅಗಲಿಸಿದರು. ಜನ್ಮದಲ್ಲಿ ಯಾರೂ ಕಸ್ತೂರಿಗೆ ಅಷ್ಟು ಕೇಳಿರಲಿಲ್ಲ. ವೇಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹಗ್ಗ ಬಿಚ್ಚಿ ಲಾಲೇಸಾಬಣ್ಣನ ಕೈಗೆ ಕೊಟ್ಟೇಬಿಟ್ಟರು.

ಮಾರಾಟವಾಯಿತು. ನನ್ನ ಎಮ್ಮೆ ಮಾರಾಟವಾಯಿತು!

"ಏನ್ ಮಾಡಿದ್ರಿ ಇವ್ರಽ?"

"ನೀನಽ ಖರೇ ಮಾಡ್ರಿ ಅಂದೀದಿ" ಎಂದರು ಇವರು. ಗುಲಾಬಿ ವೇಲು ಹೆಗಲ ಮೇಲಿತ್ತು.

ನನ್ನ ಕೂಗು ಇಂಗ್ಲೆಂಡಿಗೆ ಮುಟ್ಟಿತು. ಆ ಕಡೆಯಿಂದ ಪ್ರಶ್ನೆಗಳು ಬಂದವು: ಏನಾಯಿತು? ಆ ತಾಯಿ ಯಾಕೆ ಕೂಗುತ್ತಾಳೆ? ಆಗ ಕೇಳಿದೆ ನಾನು, ನನ್ನ ಮಗಳ ದನಿ. ಗಾಬರಿಯಲ್ಲಿ ಆಕೆ 'ಸಾರಿ'ಯನ್ನೇ ಮರೆತಿದ್ದಳು. ಥೇಟ್ ನಾನು ಬೈಯುವ ವೇಗದಲ್ಲಿ ಇಂಗ್ಲಿಷು! ಆಮೇಲೆ ಆಕೆಯೇ ನನಗೆ ಅರ್ಥ ಹೇಳಿದಳು: ದಪ್ಪ ಟವೆಲ್ಲು ಇದ್ದಿದ್ದರೆ ಈ ದರ ಬರುತ್ತಿರಲಿಲ್ಲ, ಮಂದಿ ನೋಡಿದರೆ ಮನುಷ್ಯ ಮರ್ಯಾದೆಗಾಗಿ ಹೆಚ್ಚು ಕೊಡುತ್ತಾನೆ, ಅದಕ್ಕೇ ನಮ್ಮ ಹಿರಿಯರು ಮುಚ್ಚಿ ಮಾಡುತ್ತಿದ್ದರು, ಈಗ ನನ್ನ ತಾಯಿ ತನ್ನ ಎಮ್ಮೆ ಕಳೆದುಕೊಂಡಿದ್ದಾಳೆ! ಒಬ್ಬರು ಕೇಳಿದರೆ ಉತ್ತರ, ಇನ್ನೊಬ್ಬರು ಕೇಳಿದರೆ ಉತ್ತರ. ಒಬ್ಬರೂ 'ಸಾರಿ?' ಅನ್ನಲಿಲ್ಲ.

ಹಿಗ್ಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ. ಕಸ್ತೂರಿ ಆಗಲೇ ಬಾಗಿಲು ದಾಟುತ್ತಿದ್ದಳು, ತಿರುಗಿಯೂ ನೋಡದೆ.

"ನಿಲ್ರಿ ಲಾಲೇಸಾಬಣ್ಣ! ನಾ ಕೊಳ್ಳಾಕತ್ತೇನಿ. ಟವೆಲ್ಲು ತರ್ರಿ. ದಪ್ಪಂದು!"

ನಮ್ಮೂರಲ್ಲಿ ಹೆಣ್ಣುಮಕ್ಕಳು ಟವೆಲ್ಲಿನೊಳಗೆ ಕೈ ಹಾಕಿದ್ದನ್ನು ಯಾರೂ ನೋಡಿಲ್ಲ. ಲಾಲೇಸಾಬಣ್ಣ ನಮ್ಮವರ ಮುಖ ನೋಡಿದ. ಇವರು ಆಕಾಶ ನೋಡಿದರು. ನಾನು ಸೆರಗು ಸಿಕ್ಕಿಸಿ ಕೈ ಹಾಕಿದೆ.

ಎಷ್ಟು ಬೆರಳಿಗೆ ಎಷ್ಟು ರೊಕ್ಕ ಎಂಬ ಲೆಕ್ಕ ನನಗೆ ಬರುವುದಿಲ್ಲ. ಆದರೆ ಮದುವೆಯಾದಾಗಿನಿಂದ ದಿನಾಲೂ ಜೋಳದ ರೊಟ್ಟಿ ಬಡಿದ ಕೈ ಇದು. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಹಿಡಿದೆ, ಹಿಂಡಿದೆ. ಸ್ವಲ್ಪ ಸಡಿಲಿಸಿ ಮತ್ತೆ ಹಿಂಡಿದೆ. ಮತ್ತೊಮ್ಮೆ.

"ಯಾ ಅಲ್ಲಾ!" ಎಂದು ಲಾಲೇಸಾಬಣ್ಣ ಕೈ ಹೊರಗೆಳೆದುಕೊಂಡ.

"ಮೊದಲ ಕೈ ತಗದ್ರಿ! ಸೋತ್ರಿ!" ಶಾಂತಕ್ಕ ಫೋನು ಸಮೇತ ಕುಣಿದಳು. ಇಂಗ್ಲೆಂಡು ಅಲುಗಾಡಿತು. ಹಗ್ಗ ನನ್ನ ಕೈಗೆ ಬಂತು, ಇನ್ನೂ ಎಣಿಸದ ರೊಕ್ಕ ಲಾಲೇಸಾಬಣ್ಣನ ಕಿಸೆಯಲ್ಲೇ ಉಳಿಯಿತು. ಆ ಕಡೆಯಿಂದ ಚಪ್ಪಾಳೆ! ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತ್ತಂತೆ. ಅಕ್ಷತಾಳ ಸರ್ ಅಲ್ಲೇ ಹೇಳಿದರಂತೆ, ಈ ವಿಷಯದ ಬಗ್ಗೆ ನೀನು ಇನ್ನು ಚಿಂತಿಸಬೇಡ ಎಂದು. ನಂತರ ಅವರು ಕೇಳಿದರು: ನಿಮ್ಮ ತಾಯಿಯ ತಂತ್ರ ಯಾವುದು?

ಮಗಳು ಏನೋ ಉದ್ದ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಬರೆದುಕೊಂಡರಂತೆ.

ಗೆದ್ದ ಗತ್ತಿನಲ್ಲಿ ಚಹಾ ಇಟ್ಟೆ. ಲಾಲೇಸಾಬಣ್ಣ ಬೆರಳು ನೀವಿಕೊಳ್ಳುತ್ತ ಕುಡಿದ. ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದ:

"ವೈನಿ, ಟವೆಲ್ಲಿನೊಳಗಿಂದು ಹೊರಗ ಹೇಳಬಾರದು. ಆದ್ರೂ ಹೇಳ್ತೇನಿ. ಒಂದು ಸಲ ಇಡೀ ಕೈ ಹಿಡಿದ್ರಿ, ಮತ್ತ ಹಿಡಿದ್ರಿ, ಮತ್ತ ಹಿಡಿದ್ರಿ. ಹಿಡಿದಷ್ಟೂ ದರ ಏರತೈತ್ರಿ! ನಾ ಹೂಂ ಅಂದಿದ್ರ ಈ ಮನಿನೂ ನಂದಽ ಆಗ್ತಿತ್ತು. ನಮ್ಮ ವೈನಿ ಮುಳುಗೂದು ಬ್ಯಾಡಂತ ಕೈ ತಗದೆ."

"ಹಂಗಾದ್ರ ನೋವಾಗಿ ತಗದಿದ್ದಲ್ಲೇನು?"

"ಅದೂ ಹೌದ್ರಿ" ಎಂದ.

ನಮ್ಮವರು ಚಹಾ ನೆತ್ತಿಗೇರುವಷ್ಟು ನಕ್ಕರು. ನನ್ನ ತಂತ್ರ ಇಂಗ್ಲೆಂಡಿನಲ್ಲಿ ಈಗ ಯಾರ್ಯಾರ ಪುಸ್ತಕದಲ್ಲಿ ಇದೆಯೋ! ಅಳಿಸಿರಿ ಎಂದು ಹೇಳಲು ನನಗೆ ಇಂಗ್ಲಿಷು ಬರುವುದಿಲ್ಲ.

ಲಾಲೇಸಾಬಣ್ಣನನ್ನು ಊಟಕ್ಕೆ ನಿಲ್ಲಿಸಿಕೊಂಡೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಇಂಡಿ ನಿಂಬೆಯ ಉಪ್ಪಿನಕಾಯಿ, ಕಸ್ತೂರಿಯ ಕೆನೆಮೊಸರು. ಮೊಸರನ್ನು ಆತ ಎರಡು ಸಲ ಹಾಕಿಸಿಕೊಂಡು ಹೊರಗೆ ಕಟ್ಟಿದ್ದ ಎಮ್ಮೆಯ ಕಡೆ ಒಮ್ಮೆ ನೋಡಿದ. ಶಾಂತಕ್ಕನಿಗೆ ಒಂದು ಬಟ್ಟಲು ಗೋಡೆಯ ಮೇಲಿಂದಲೇ ಹೋಯಿತು. ಅಕ್ಷತಾ ಅಲ್ಲಿ ಬ್ರೆಡ್ಡು ತಿಂದಳಂತೆ. ತಿನ್ನುವಾಗಲೂ ಮಾತು ನಿಲ್ಲಿಸಲಿಲ್ಲ.

ಮೊದಲು ಮಲಗಿದವಳು ಕಸ್ತೂರಿ, ಒಂದೇ ದಿನ ಎರಡು ಸಲ ಮಾರಾಟವಾದ ಯಾವ ಚಿಂತೆಯೂ ಇಲ್ಲದೆ. ಆಮೇಲೆ ನಮ್ಮವರು, ಗುಲಾಬಿ ವೇಲು ಹೊದ್ದುಕೊಂಡು. ನಾನು ಎಲ್ಲರಿಗಿಂತ ಕೊನೆಗೆ. ಹಿಂಡಿ ಹಿಂಡಿ ಬಲಗೈ ಊದಿಕೊಂಡಿತ್ತು.