ಗೇರುಮರದ ಬುಡದ ಕುರ್ಚಿ ಮತ್ತು ಸೊನ್ನೆ ರೂಪಾಯಿಯ ಟವರು

ಮೊಬೈಲ್ ಕಂಪನಿಯ ಅಂದಾಜು ವಿಭಾಗದ ಅಧಿಕಾರಿಗಳ ಸನ್ನಿಧಾನಕ್ಕೆ, ಬಸ್ರೂರಿನ ಆಚೆಯ ಕೆಳಾಬೈಲಿನಿಂದ ಸ್ವರ್ಣಲತಾ ಮಾಡುವ ಸಾವಿರ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕೇಳಿ ತಿಳಿಯೋಣವೆಂದರೆ ಮನೆಯಿಂದ ಫೋನ್ ಹೋಗುವುದಿಲ್ಲ. ನಮ್ಮೂರಿನಲ್ಲಿ ಟವರು ಕಟ್ಟಲು ಎಷ್ಟು ಖರ್ಚಾದೀತೆಂದು ಲೆಕ್ಕ ಹಾಕಲು ಕಳೆದ ತಿಂಗಳು ತಾವು ಖುದ್ದಾಗಿ ಬಂದಿದ್ದಿರಿ. ಕಬ್ಬಿಣ, ಸಿಮೆಂಟು, ಕೇಬಲ್ಲು, ಜನರೇಟರು, ಜಾಗದ ಬಾಡಿಗೆ ಎಂದೆಲ್ಲ ಉದ್ದದ ಪಟ್ಟಿ ಬರುತ್ತದೆಂದು ನಾವು ಕಾದು ಕೂತಿದ್ದರೆ, ಪಂಚಾಯತಿಗೆ ಬಂದ ತಮ್ಮ ಅಂದಾಜಿನಲ್ಲಿ ಒಂದೇ ಸಾಲಿತ್ತು: ಸಿಗ್ನಲ್ ಅತ್ಯುತ್ತಮ, ಟವರಿನ ಅಗತ್ಯವಿಲ್ಲ, ಖರ್ಚು ಸೊನ್ನೆ. ಇಷ್ಟು ಅಗ್ಗದಲ್ಲಿ ಕೆಲಸ ಮುಗಿಸುವ ಎಂಜಿನಿಯರರು ಭೂಮಂಡಲದಲ್ಲಿ ಇನ್ನೊಬ್ಬರಿರಲಾರರು.

ಈ ಸಾಧನೆಯಲ್ಲಿ ನಮ್ಮದೂ ಅಳಿಲು ಸೇವೆ ಇದೆಯೆಂದು ಸಂಕೋಚದಿಂದ ನೆನಪಿಸುತ್ತೇನೆ. ಅಂದು ಜೀಪಿನಿಂದ ಇಳಿದವರೇ ಮನೆಗೊಂದು ಫೋನ್ ಮಾಡಬೇಕೆಂದಿರಿ. ಊರಿಗೆ ಬಂದವರು ಫೋನ್ ಹಿಡಿದು ಒದ್ದಾಡುವುದನ್ನು ನೋಡಿ ಸುಮ್ಮನಿರುವ ಜನ ನಾವಲ್ಲ. ನೆರೆಮನೆಯ ಕರಿಯಣ್ಣ, "ಹ್ವಾಯ್, ಇಲ್ ಎಂತದೂ ಸಿಕ್ಕುದಿಲ್ಲ, ಗುಡ್ಡಿ ಮೇಲ್ ಬನ್ನಿ, ಲಾಯ್ಕ್ ಮಾಡಿ ಕೂಕಣಿ" ಎಂದು ತಮ್ಮನ್ನು ಗುಡ್ಡೆ ಹತ್ತಿಸಿ, ಇಡೀ ಊರಿನಲ್ಲಿ ಸಿಗ್ನಲ್ ಸಿಗುವ ಏಕೈಕ ಸ್ಥಳವಾದ ಗೇರುಮರದ ಬುಡದಲ್ಲಿ, ಫೋನ್ ಮಾಡುವವರಿಗೆಂದೇ ಊರವರು ಇಟ್ಟಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ನಾನು ಎಳನೀರಿನ ಬೊಂಡ ಕೆತ್ತಿ ಕೊಟ್ಟೆ. ತಾವು ಬೊಂಡ ಕುಡಿದು, ಮನೆಯವರ ಜೊತೆ ನೆಮ್ಮದಿಯಾಗಿ ಮಾತಾಡಿ, ಕುರ್ಚಿಗೂ ಬೇಸರವಾಗದಂತೆ ಅದರಲ್ಲೇ ಕೂತು ಯಂತ್ರ ತೆಗೆದು ಊರಿನ ಸಿಗ್ನಲ್ ಅಳೆದಿರಿ. ಬಂದವರನ್ನು ಬಿಸಿಲಲ್ಲಿ ನಿಲ್ಲಿಸುವ ಬುದ್ಧಿ ನಮಗಿದ್ದಿದ್ದರೆ ಇಷ್ಟರಲ್ಲಿ ಟವರಿನ ಪಾಯ ತೋಡುತ್ತಿದ್ದರು.

ಇನ್ನು ನನ್ನ ಅಹವಾಲು. ಮಗಳು ಪ್ರೇಕ್ಷಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಾಳೆ. ಈಗ ದಿನ ತುಂಬುತ್ತಿದೆ. ಮೊನ್ನೆ ಅವಳಿಗೆ ನೋವು ಕಾಣಿಸಿತೆಂದು ರಿಕ್ಷಾ ಕರೆಯಲು ಸೆರಗು ಸಿಕ್ಕಿಸಿಕೊಂಡು ಗುಡ್ಡೆ ಹತ್ತಿದರೆ, ಕುರ್ಚಿಯಲ್ಲಿ ನಮ್ಮೂರ ಕಿಟ್ಟ ಕೂತಿದ್ದ. ಕುರ್ಚಿ ಬಿಟ್ಟು ಎರಡು ಹೆಜ್ಜೆ ಸರಿದರೆ ಸಿಗ್ನಲ್ ಇಲ್ಲ. ಅವನೋ, ತಮ್ಮ ಈ ಅಂದಾಜಿನ ಮೇಲೆ ತಮ್ಮ ಕಂಪನಿಗೇ ದೂರು ಕೊಡಲು ಕೂತವನು, ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಹೆಣ್ಣುದನಿಯನ್ನು ಬಹಳ ಹೊತ್ತಿನಿಂದ ಕೇಳುತ್ತಾ, "ಒಂಚೂರ್ ನಿಲ್ಲಿ ಅಕ್ಕ, ಈಗ ಸಿಕ್ಕತ್ತ್" ಎಂದ. ರಟ್ಟೆ ಹಿಡಿದು ಎಬ್ಬಿಸಿ ರಿಕ್ಷಾ ಕರೆದೆ. ಆಸ್ಪತ್ರೆಯಲ್ಲಿ ಅದು ಸುಳ್ಳು ನೋವು ಎಂದು ಹೇಳಿ ಮನೆಗೆ ಕಳಿಸಿದರು.

ಮುಂದಿನದು ಸುಳ್ಳಾಗಿರುವುದಿಲ್ಲ. "ಅಮ್ಮ, ಆ ಕುರ್ಚಿ ಕೆಳಗ್ ತಂದ್ರೆ ಸಿಗ್ನಲೂ ಒಟ್ಟಿಗೆ ಬತ್ತಾ?" ಎಂದು ಮಗಳು ನಗುತ್ತಾಳೆ. ನಾನೂ ನಗುತ್ತೇನೆ, ಆಮೇಲೆ ಅಡುಗೆಮನೆಯ ಕಿಟಕಿಯಿಂದ ಗುಡ್ಡೆಯ ಕಡೆ ನೋಡುತ್ತೇನೆ. ಜಾರುವ ಮಳೆಯಲ್ಲಿ ಆ ಗುಡ್ಡೆ ಹತ್ತುವುದನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ, ಮಾನ್ಯರೇ. ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ಆದ್ದರಿಂದ ಸೊನ್ನೆ ಖರ್ಚಿನಲ್ಲೇ ಎಲ್ಲವನ್ನೂ ಸಾಧಿಸಬಲ್ಲ ತಾವು, ಗೇರುಮರವನ್ನು ಬೇರುಸಹಿತ ನಮ್ಮ ಅಂಗಳಕ್ಕೆ ವರ್ಗ ಮಾಡಿಸಬೇಕು. ಅದು ಕಷ್ಟವಾದರೆ, ಹಗಲು ಹೊತ್ತಿನಲ್ಲಿ, ಮಳೆ ಬಿಟ್ಟಾಗ, ಕುರ್ಚಿ ಖಾಲಿಯಿದೆಯೇ ಎಂದು ವಿಚಾರಿಸಿಕೊಂಡೇ ಹುಟ್ಟತಕ್ಕದ್ದೆಂದು ಕೂಸಿಗೊಂದು ಆದೇಶ ಹೊರಡಿಸಬೇಕು. ಅದೂ ಆಗದಿದ್ದರೆ ಬಸುರಿಯ ಮಂಚವನ್ನೇ ಮರದ ಬುಡಕ್ಕೆ ಹೊತ್ತೊಯ್ಯುತ್ತೇವೆ. ಒಂದು ತುದಿಗೆ ಹೆಗಲು ಕೊಡಲು ತಾವು ಬಂದರೆ ಸಾಕು, ಬೊಂಡ ಈ ಸಲವೂ ಇರುತ್ತದೆ.

ಗುಡ್ಡೆ ಹತ್ತಿದಾಗ ಮಾತ್ರ ಸಿಗುವ,
ತಮ್ಮ ವಿಶ್ವಾಸಿ
ಸ್ವರ್ಣಲತಾ

ತಾ.ಕ.: ಅಂದು ತಾವು ಕುರ್ಚಿಯಲ್ಲಿ ಮರೆತುಹೋದ ಕನ್ನಡಕ ನಮ್ಮ ಮನೆಯಲ್ಲಿ, ಪ್ರೇಕ್ಷಾಳ ಮಂಚದ ಪಕ್ಕದ ಗೂಡಿನಲ್ಲಿ ಜೋಪಾನವಾಗಿದೆ. ದಯಮಾಡಿ ಬಂದು ಒಯ್ಯಿರಿ. ಮನೆ ಗೊತ್ತಾಗದಿದ್ದರೆ ಗುಡ್ಡೆಯ ಕೆಳಗೆ ನಿಂತು ನನಗೊಂದು ಫೋನ್ ಮಾಡಿ.