ಗೇಟಿನ ಹತ್ತಿರ ತೊಳೆದ ಬೆನ್ನು

ಉಪಕಾರ ಸ್ಮರಣೆ ನಮ್ಮ ಮನೆಯಲ್ಲಿ ಬಾಯಿಂದ ಆಗುವ ಕೆಲಸವಲ್ಲ. ಕಾನ್ವೆಂಟಿನ ಸಿಸ್ಟರುಗಳು, ನೀರು ಕೊಟ್ಟವರಿಗೂ ಥ್ಯಾಂಕ್ಯೂ ಹೇಳಬೇಕೆಂದು ಕಲಿಸಿದ್ದರು. ಅದನ್ನು ನಂಬಿ ಒಂದು ದಿನ, ಅಮ್ಮ ದೋಸೆ ಬಡಿಸಿದಾಗ ಹೇಳಿಬಿಟ್ಟೆ. ಅಮ್ಮ ಸಟ್ಟುಗ ಹಿಡಿದೇ ತಿರುಗಿ, “ಯಾಕೇ, ಇದೇನು ಹೋಟ್ಲಾ?” ಎಂದರು. ಒಡಹುಟ್ಟಿದವರು ಇದ್ದಾರಲ್ಲ ಎಂದು ಸಂತೋಷಪಡಲು ನಮ್ಮಲ್ಲಿ ಬೇರೆಯೇ ದಿನವಿತ್ತು. ನಾಗರಪಂಚಮಿಯಂದು ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಾಕಿ, ಹೂವಿನಿಂದ ಸವರಿ, “ತಣ್ಣಗಿರು” ಎನ್ನಬೇಕು. ನನ್ನ ತಮ್ಮ ನಾಗರಾಜನಿಗೆ ವಿಪರೀತ ಕಚಗುಳಿ. ಹೂವು ತಾಗುವ ಮೊದಲೇ ಹಾರುತ್ತಿದ್ದ. ಹಾಗಾಗಿ ಹೆಚ್ಚಿನ ವರ್ಷ ತಣ್ಣಗಾಗುತ್ತಿದ್ದುದು ಪಕ್ಕದಲ್ಲಿ ನಿಂತ ಅಮ್ಮನ ಸೀರೆ.

ನಾನು ಮದುವೆಯಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದ ಮೇಲೂ, ಅವನು ಭದ್ರಾವತಿಯ ಒಂದು ಎರಕದ ಕಾರ್ಖಾನೆ ಸೇರಿದ ಮೇಲೂ ಇದು ತಪ್ಪಿರಲಿಲ್ಲ. ಅಮ್ಮ ತೀರಿಕೊಂಡ ವರ್ಷ ಮಾತ್ರ ಹಬ್ಬ ಮಾಡಲಿಲ್ಲ. ಮರುವರ್ಷ ಅವನು, “ರಜೆ ಸಿಗಲಿಲ್ಲ, ಮುಂದಿನ ಸಲ ನೋಡೋಣ” ಎಂದು ಹೇಳಿ ಕಳಿಸಿದ. ಎರಡು ಸಲ ಬಿಟ್ಟ ಹಬ್ಬವನ್ನು ಮೂರನೆಯ ಸಲ ಯಾರೂ ನೆನೆಸಿಕೊಳ್ಳುವುದಿಲ್ಲ. ತವರೆಂದು ನನಗೆ ಉಳಿದಿದ್ದು ಆ ಒಂದು ಬೆನ್ನು. “ಬೆನ್ನು ಎಲ್ಲೂ ಓಡಿಹೋಗಲ್ಲ ಮಾರಾಯ್ತಿ, ಭಾನುವಾರ ತೊಳೆದರಾಯ್ತು” ಎಂದರು ನಮ್ಮವರು. ನಾನು ಕೇಳಲಿಲ್ಲ. ಹಬ್ಬದ ಬೆಳಿಗ್ಗೆ ಟಿಫನ್ ಕ್ಯಾರಿಯರಿನ ಡಬ್ಬಿಗೆ ಹಾಲು ತುಂಬಿಕೊಂಡು, ಒಂದು ದಾಸವಾಳ ಕಿತ್ತುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವಳು, ತನ್ನ ಮಡಿಲಿಗೂ ಒಂದಿಷ್ಟು ಹಾಲು ಚೆಲ್ಲಿದ ಮೇಲೆ, “ಮಗೂಗೇನಮ್ಮ?” ಎಂದಳು. “ಹೌದು, ಮೀಸೆ ಬಂದಿದೆ” ಎಂದೆ.

ಊಟದ ಸೈರನ್ ಆದಾಗ ನಾನು ಕಾರ್ಖಾನೆಯ ಗೇಟಿನೆದುರು ಹೊಂಗೆಮರದ ಕೆಳಗಿದ್ದೆ. ನಾಗರಾಜ ಓಡಿ ಬಂದ.

“ಏನಕ್ಕಾ? ಭಾವ ಹುಷಾರಾಗಿದಾರಾ?”

“ಎಲ್ಲ ಹುಷಾರು. ಷರ್ಟು ಬಿಚ್ಚು.”

“ಇಲ್ಲೇನಾ? ಇಷ್ಟು ಜನದ ಎದುರಾ? ಮಾನ ಹೋಗುತ್ತೆ ಕಣೇ!”

“ರಜೆ ಸಿಕ್ಕಿದ್ರೆ ಮನೇಲೇ ಉಳಿಸ್ಕೋಬಹುದಿತ್ತು ಮಾನಾನ.”

ಅವನ ಜೊತೆಗೆ ಬಂದಿದ್ದ ಗೆಳೆಯ ಮುರುಗೇಶ ನಕ್ಕ. “ರಜೆ ಯಾರಕ್ಕಾ ಇಲ್ಲ ಅಂದ್ರು? ಮೇಸ್ತ್ರಿ ಹೋಗು ಹೋಗು ಅಂದ್ರು. ಇವನೇ ಬೇಡ ಅಂದ.”

ನಾಗರಾಜ ಅವನನ್ನು ನುಂಗುವ ಹಾಗೆ ನೋಡಿದ. ಆಮೇಲೆ ಗುಂಡಿ ಬಿಚ್ಚಿ ತಿರುಗಿ ನಿಂತ. ಕುತ್ತಿಗೆಯಿಂದ ಕೆಳಗೆ ಅಲ್ಲಲ್ಲಿ ಸಾಸಿವೆ, ಕಡಲೆ ಗಾತ್ರದ ಸುಟ್ಟ ಕಲೆಗಳು. ಒಂದು ಇನ್ನೂ ಹಸಿಯಾಗಿತ್ತು.

“ಕಿಡಿ ಹಾರುತ್ತೆ ಅಕ್ಕ. ಎಲ್ಲರಿಗೂ ಇರುತ್ತೆ. ನೀನು ನೋಡಿದ್ರೆ ಕೆಲಸ ಬಿಡು ಅಂತೀಯ.”

ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡು ಹಾಲು ಹಾಕಿದೆ. ಹಸಿಗಾಯದ ಪಕ್ಕದಲ್ಲಿ ದಾಸವಾಳ ಸವರಿದೆ. ಹಾರಬೇಕಾದ ಹುಡುಗ ಕದಲಲಿಲ್ಲ. “ತಣ್ಣಗಿರು” ಎಂದು ಮೆಲ್ಲಗೆ ಅಂದೆ. ಅವನೇ, “ಜೋರಾಗಿ ಹೇಳೇ, ಕುಲುಮೆಗೂ ಕೇಳ್ಲಿ” ಎಂದ. ಅಷ್ಟರಲ್ಲಿ ಮುರುಗೇಶನೂ ಷರ್ಟು ಬಿಚ್ಚಿ, “ನಮ್ಮಕ್ಕ ಸೇಲಂನಲ್ಲಿದಾಳೆ, ನಂಗೂ ಸ್ವಲ್ಪ” ಎಂದು ಬಗ್ಗಿ ನಿಂತಿದ್ದ. ಡಬ್ಬಿಯ ತಳದಲ್ಲಿ ಉಳಿದದ್ದು ಅವನಿಗಾಯಿತು.

ಕೆಲಸ ಬಿಡು ಎಂದು ನಾನು ಇವತ್ತಿನವರೆಗೂ ಹೇಳಿಲ್ಲ. ಅದನ್ನು ನನ್ನ ದೊಡ್ಡತನವೆಂದೇ ತಿಳಿದಿದ್ದೇನೆ. ಆದರೆ ತಮ್ಮ ನಮ್ಮ ಮನೆಗೆ ಬಂದರೆ ಈಗ ಗೋಡೆಗೆ ಒರಗಿಯೇ ಕೂರುತ್ತಾನೆ, ಏನು ಮಾಡಿದರೂ ಬೆನ್ನು ಕಾಣುವುದಿಲ್ಲ. ನಾನು ಕಾಫಿ ಲೋಟವನ್ನು ಅವನ ಕೈಗೆ ಕೊಡದೆ ದೂರದ ಸ್ಟೂಲಿನ ಮೇಲಿಡುತ್ತೇನೆ. ಬಗ್ಗಿದಾಗ ಕಾಲರಿನ ಸಂದಿಯಲ್ಲಿ ಒಂದಿಷ್ಟಾದರೂ ಕಾಣುತ್ತದೆ. ಈಚೆಗೆ ಅವನು ಕಾಫಿ ಕುಡಿಯುವುದನ್ನೇ ಬಿಟ್ಟಿದ್ದಾನಂತೆ.