ಮಾವ ಪ್ಲೇಯರ್ ತರಲು ಪನಮರಂಗೆ ಹೋದದ್ದು

ನನ್ನ ಸೋದರಮಾವನಿಗೆ ಕಿವಿ ಎರಡಲ್ಲ, ಹನ್ನೆರಡು ಇರಬೇಕೆಂದು ನನ್ನ ಬಲವಾದ ಅನುಮಾನ. ಪುಲ್ಪಳ್ಳಿಯ ಹತ್ತಿರ ಮೆಣಸು ಬೆಳೆಯುವ ಈ ಮನುಷ್ಯ ಯಾರ ಮನೆಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ಜೋರಾಗಿ ಒಂದು ಚಪ್ಪಾಳೆ ತಟ್ಟುತ್ತಾರೆ. ಕೋಣೆ ಎಷ್ಟು ಪ್ರತಿಧ್ವನಿಸುತ್ತದೆ ಎಂದು ತಿಳಿಯಬೇಕಲ್ಲ! ನನಗೆ ಗಂಡು ನೋಡಲು ಹೋದಾಗಲೂ ತಟ್ಟಿದರು. ಸಂಬಂಧ ಒಪ್ಪಿಗೆಯಾಯಿತೆಂದು ತಿಳಿದು ಗಂಡಿನ ಕಡೆಯವರೂ ತಟ್ಟಿಬಿಟ್ಟರು. ಆಮೇಲೆ ಹಿಂದೆಗೆಯುವುದು ಹೇಗೆ? ಮದುವೆ ಆಗಿಯೇ ಹೋಯಿತು.

ಮೆಣಸಿನ ಗೋದಾಮನ್ನು ಅವರು ಹೋಂ ಥಿಯೇಟರ್ ಮಾಡಿದಾಗ ಗೋಡೆಗೆಲ್ಲ ತೆಂಗಿನ ನಾರು ತುಂಬಿದ ಗೋಣಿ ಹೊಡೆದರು. ಮೆಣಸಿನ ಮೂಟೆಗಳು ಮಲಗುವ ಕೋಣೆಗೆ ಬಂದವು.

"ಇನ್ನು ನಾನೆಲ್ಲಿ ಮಲಗೋದು?" ಎಂದರು ಅತ್ತೆ.

"ಥಿಯೇಟರಲ್ಲೇ ಮಲಗು. ನಿನ್ನ ಗೊರಕೆಯಲ್ಲಿ ಎಷ್ಟು ಸ್ವರ ಅವೆ ಅಂತ ಇವತ್ತು ಗೊತ್ತಾಗ್ತದೆ."

ಎಲ್ಲ ಸಿದ್ಧವಾಯಿತು, ಡಿಸ್ಕ್ ಪ್ಲೇಯರ್ ಒಂದು ಬಿಟ್ಟು. ಮಾವನಿಗೆ ಬೇಕಾದ ಆ ಭಾರಿ ಪ್ಲೇಯರನ್ನು ತಯಾರಿಸುವುದನ್ನೇ ಕಂಪನಿ ಎಂದೋ ನಿಲ್ಲಿಸಿತ್ತು. ಈಗೆಲ್ಲ ಫೋನಿನಲ್ಲೇ ಸಿನಿಮಾ ಬರುತ್ತದಲ್ಲ ಎಂದೆ. "ಅದು ಕಾಪಿ ವಾಸನೆ ತೋರಿಸಿ ಲೋಟ ಕಿತ್ಕೊಂಡಂಗೆ" ಎಂದರು.

ಮೂರು ವರ್ಷ ಹುಡುಕಿದರು. ಕೊನೆಗೆ ಬತ್ತೇರಿ ಪೇಟೆಯ ಟಿವಿ ರಿಪೇರಿಯವನೊಬ್ಬ ಸುಳಿವು ಕೊಟ್ಟ: ಪನಮರಂನಲ್ಲಿ ನಿವೃತ್ತ ಟೀಚರೊಬ್ಬರ ಮನೆಯಲ್ಲಿ ಅದೇ ಪ್ಲೇಯರ್ ಇದೆ, ಮಾರುತ್ತಾರೆ. ಮಾವ ನನ್ನನ್ನೂ ಜೀಪಿನಲ್ಲಿ ಹೊರಡಿಸಿದರು. ಬರುವಾಗ ಪ್ಲೇಯರನ್ನು ಮಡಿಲಲ್ಲಿ ಹಿಡಿದುಕೊಳ್ಳಲು. ಜೀಪಿನ ಸೀಟಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಟೀಚರ್ ಕಸೂತಿಯ ಬಟ್ಟೆ ಸರಿಸಿ ತೋರಿಸಿದರು. ದುಬೈಯಲ್ಲಿದ್ದ ಗಂಡ ತಂದದ್ದು. ಅವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅಂದಿನಿಂದ ಯಾರೂ ಸ್ವಿಚ್ ಹಾಕಿರಲಿಲ್ಲ. ಮಾವ ಕೈ ತೊಳೆದುಕೊಂಡು ಬಂದು, ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತುಸು ಎತ್ತಿ ನೋಡಿದರು. "ಎಂಥ ತೂಕ" ಎಂದರು, ಬಾಣಂತಿಯ ಮನೆಯಲ್ಲಿ ಮಗು ಎತ್ತಿಕೊಂಡವರ ಹಾಗೆ.

ಪರೀಕ್ಷಿಸಲೆಂದು ಸ್ವಿಚ್ ಹಾಕಿದರು. ಒಳಗೊಂದು ಡಿಸ್ಕ್ ಉಳಿದಿತ್ತು. ಸಿನಿಮಾ ಮೊದಲಿನಿಂದ ಶುರುವಾಗದೆ ನಡುವಿನಿಂದಲೇ ಓಡತೊಡಗಿತು. ಟಿವಿಯ ತೆರೆಯ ಮೇಲೆ ಒಬ್ಬ ಹೆಂಗಸು ದೋಣಿ ಹತ್ತುತ್ತಿದ್ದಳು. ಚಹಾ ತರುತ್ತಿದ್ದ ಟೀಚರ್ ಬಾಗಿಲಲ್ಲೇ ನಿಂತುಬಿಟ್ಟರು.

"ಅವತ್ತು ಇಲ್ಲಿಗೇ ನಿಲ್ಲಿಸಿದ್ದು," ಎಂದರು ಮಲಯಾಳದಲ್ಲಿ. "ಗಂಜಿ ಕುಡಿದು ಬಾಕಿ ನೋಡೋಣ ಅಂದಿದ್ರು ನಮ್ಮವರು."

ಎಲ್ಲಿ ನಿಲ್ಲಿಸಿದರೋ ಆ ಜಾಗವನ್ನು ಆ ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಅದು ಮಾವನಿಗೆ ಗೊತ್ತಿತ್ತು, ಟೀಚರಿಗೆ ಗೊತ್ತಿರಲಿಲ್ಲ. ಮಾವ ತಕ್ಷಣ ನಿಲ್ಲಿಸಿದರು.

"ಸಾರಮಿಲ್ಲ, ಪರವಾಗಿಲ್ಲ ಟೀಚರೇ, ಇದು ಇಲ್ಲೇ ಇರಲಿ. ಬಾಕಿ ನೋಡಿ ಮುಗಿಸಿ. ಆಮೇಲೆ ಬರ್ತೀನಿ."

ಖಾಲಿ ಮಡಿಲಿನೊಂದಿಗೆ ಕೂತು ನಾನು ದಾರಿಯುದ್ದಕ್ಕೂ ಗೊಣಗಿದೆ. "ಇನ್ನೆಷ್ಟು, ಒಂದು ಗಂಟೆ ಸಿನಿಮಾ. ನಾಳೆಗೆ ಮುಗೀತದೆ" ಎಂದರು ಮಾವ.

ನಾಳೆಗೆ ಮುಗಿಯಲಿಲ್ಲ. ತಿಂಗಳಾಯಿತು, ನಾಲ್ಕು ತಿಂಗಳಾಯಿತು. ರಿಪೇರಿಯವನು ಹೇಳಿದ್ದು: ಟೀಚರ್ ಭಾನುವಾರಕ್ಕೊಮ್ಮೆ ಎರಡೋ ಮೂರೋ ನಿಮಿಷ ಮಾತ್ರ ನೋಡುತ್ತಾರಂತೆ. ಅಷ್ಟರಲ್ಲಿ ಕೋಳಿಕ್ಕೋಡಿನಿಂದ ಇನ್ಯಾರೋ ಅದನ್ನು ಕೊಳ್ಳಲು ಬಂದಿದ್ದರೆಂಬ ಸುದ್ದಿ ಬಂತು. ಮಾವನಿಗೆ ಎರಡು ದಿನ ಊಟ ಸೇರಲಿಲ್ಲ.

"ಒಂದು ಫೋನಾದರೂ ಮಾಡಬಾರದಾ ಮಾವ?"

"ಮಾಡಿದ್ರೆ ಬೇಗ ಮುಗಿಸು ಅಂದಂಗಾಗ್ತದೆ."

ಹನ್ನೆರಡು ಕಿವಿಯ ಮನುಷ್ಯನಿಗೆ ಹೀಗೆ ಸುಮ್ಮನಿರಬಲ್ಲ ಬಾಯಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಟೀಚರೇ ಫೋನ್ ಮಾಡಿದರು. "ಹತ್ತು ನಿಮಿಷ ಬಾಕಿ ಇದೆ. ಒಬ್ಬಳೇ ನೋಡೋಕೆ ಆಗ್ತಿಲ್ಲ. ಬರ್ತೀರಾ?"

ಅತ್ತೆಯನ್ನೂ ಕರೆದುಕೊಂಡು ಹೋದೆವು. ನಾಲ್ವರೂ ಸಾಲಾಗಿ ಕೂತೆವು. ಕಥೆಯ ಹಿಂದುಮುಂದು ಗೊತ್ತಿಲ್ಲದ ನಾವು ಮೂವರೂ ಉಸಿರು ಬಿಗಿಹಿಡಿದು ಆ ಹತ್ತು ನಿಮಿಷ ನೋಡಿದೆವು. ಸಿನಿಮಾ ಮುಗಿದು ತೆರೆಯ ಮೇಲೆ ಹೆಸರುಗಳು ಏರತೊಡಗಿದಾಗ ಟೀಚರ್ ಎದ್ದು ಸ್ವಿಚ್ಚಿನತ್ತ ಹೊರಟರು.

"ಕೂತ್ಕೊಳ್ಳಿ ಟೀಚರೇ," ಎಂದರು ಮಾವ ಮೆಲ್ಲಗೆ. "ಹೆಸರು ಇನ್ನೂ ಬರ್ತಾ ಅವೆ."

ಟೀಚರ್ ಕೂತರು. ಅತ್ತೆ ಅವರ ಕೈ ಹಿಡಿದುಕೊಂಡರು. ಬೆಳಕಿನವರ, ಬಟ್ಟೆ ಹೊಲಿದವರ, ಅಡುಗೆ ಮಾಡಿದವರ ಹೆಸರುಗಳೆಲ್ಲ ಒಂದೊಂದಾಗಿ ಮೇಲೆ ಹೋದವು. ತೆರೆ ಪೂರ್ತಿ ಕಪ್ಪಾದ ಮೇಲೆ ಟೀಚರ್ ಆ ಡಿಸ್ಕ್ ತೆಗೆದು ಸೆರಗಿನಲ್ಲಿ ಒರೆಸಿ ತಮ್ಮ ಬೀರುವಿನಲ್ಲಿಟ್ಟರು. ಆಮೇಲೆ ಬಂದು, ತಾವೇ ಬಗ್ಗಿ, ಪ್ಲೇಯರಿನ ವೈರುಗಳನ್ನು ಬಿಚ್ಚತೊಡಗಿದರು.